ಮಿಸ್ಟ್ರಲ್ ಅಕ್ಷರ: ಎಲ್ಲಿ ಬೇಕು, ಎಲ್ಲಿ ಬೇಡ



ಮುಲುಂಡ್‌ನ ಒಂದು ರಿಸೆಪ್ಷನ್‌ನಲ್ಲಿ ನಮ್ಮಿಂದ ಒಂದು ತಪ್ಪಾಯಿತು. ಪಾವ್‌ಭಾಜಿಗೆ ಎರಡು ತವಾ ಇಟ್ಟಿದ್ದೆವು. ಒಂದು ಸಾಮಾನ್ಯ, ಇನ್ನೊಂದು ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಇಲ್ಲದ, ಬಾಳೆಕಾಯಿಯ ಜೈನ್ ಭಾಜಿ. ಚೆಂದ ಕಾಣಲೆಂದು ಎರಡರ ಚೀಟಿಯನ್ನೂ ಕೈಬರಹದಂಥ ಇಂಗ್ಲಿಷ್ ಅಕ್ಷರದಲ್ಲಿ ಮಾಡಿಸಿದ್ದೆವು. ವಯಸ್ಸಾದ ಜೈನ್ ತಾಯಿಯೊಬ್ಬರು ಚೀಟಿ ಓದಲಾಗದೆ ಸಾಮಾನ್ಯ ಭಾಜಿ ಹಾಕಿಸಿಕೊಂಡರು. ಒಂದೇ ತುತ್ತಿಗೆ ತಿಳಿದು ತಟ್ಟೆ ಕೆಳಗಿಟ್ಟರು. ಬೈಯಲಿಲ್ಲ, ಊಟ ಮಾಡದೆ ಹೊರಟುಹೋದರು. ನಾವು ಕ್ಷಮೆ ಕೇಳಿದೆವು. ಆದರೆ ಕೆಟ್ಟ ವ್ರತಕ್ಕೆ ಕ್ಷಮೆಯಿಂದ ಏನು ಪರಿಹಾರ?

ಆ ಅಕ್ಷರದ ಹೆಸರು ಮಿಸ್ಟ್ರಲ್. ಫ್ರಾನ್ಸಿನ ಮಾರ್ಸೇ ನಗರದ ಒಲೀವ್ ಎಂಬ ಅಚ್ಚುಮೊಳೆ ಕಾರ್ಖಾನೆಗಾಗಿ ರೋಜೆ ಎಕ್ಸ್‌ಕೊಫೋನ್ ಎಂಬ ಕಲಾವಿದರು ತಮ್ಮದೇ ಕೈಬರಹ ಆಧರಿಸಿ ಇದನ್ನು ರೂಪಿಸಿದರು. 1953ರಲ್ಲಿ ಇದು ಬಳಕೆಗೆ ಬಂತು. ದಕ್ಷಿಣ ಫ್ರಾನ್ಸಿನಲ್ಲಿ ರಭಸದಿಂದ ಬೀಸುವ ಗಾಳಿಯ ಹೆಸರನ್ನೇ ಇದಕ್ಕಿಟ್ಟರು. ಸೀಸದ ಬಿಡಿ ಮೊಳೆಗಳನ್ನು ಸಾಲಾಗಿ ಜೋಡಿಸಿದಾಗ ಒಂದೇ ಗೀಟಿನಲ್ಲಿ ಬರೆದಂತೆ ಕಾಣಬೇಕು, ಅದೇ ಅವರ ಜಾಣ್ಮೆ. ಮುಂದೆ ಮೈಕ್ರೋಸಾಫ್ಟ್ ಆಫೀಸ್ ಜೊತೆ ಬಂದುದರಿಂದ ಇದು ಡಿಟಿಪಿ ಅಂಗಡಿಗಳಿಗೂ ತಲುಪಿತು.

ಇದರ ಗುಣ ಸಲಿಗೆ. ಮನೆಯವರೇ ಬರೆದು ಕರೆದಂತೆ ಇರುತ್ತದೆ. ಇದರ ದೋಷವೂ ಅಲ್ಲೇ ಇದೆ: ಅಕ್ಷರಗಳು ಒಂದಕ್ಕೊಂದು ಅಂಟಿಕೊಂಡು ಓಡುವುದರಿಂದ ಚಿಕ್ಕದಾಗಿ ಅಚ್ಚಾದರೆ ಕಣ್ಣಿಗೆ ಬಿಡಿಬಿಡಿಯಾಗಿ ಸಿಗುವುದಿಲ್ಲ. ಆದ್ದರಿಂದ ನಾವೀಗ ಪಾಲಿಸುವ ಕ್ರಮ ಹೀಗಿದೆ:

1. ಸಂಸ್ಥೆಯ ಹೆಸರು, 'ಸುಸ್ವಾಗತ', ಸಿಹಿತಿಂಡಿ ಡಬ್ಬಿಯ ಮೇಲಿನ ಶುಭಾಶಯ: ಇಲ್ಲಿ ಧಾರಾಳವಾಗಿ ಬಳಸಬಹುದು. ಎರಡು ಮೂರು ಪದ ಸಾಕು, ದೊಡ್ಡದಾಗಿರಲಿ.

2. ಇಡೀ ಪದವನ್ನು ಕ್ಯಾಪಿಟಲ್ ಅಕ್ಷರಗಳಲ್ಲಿ ಹಾಕಿಸಬೇಡಿ. ಅಕ್ಷರಗಳ ನಡುವೆ ಜಾಗ ಬಿಡಿಸಲೂಬೇಡಿ. ಎರಡರಿಂದಲೂ ಕೊಂಡಿ ತಪ್ಪಿ ಬರಹದ ಅಂದವೇ ಹೋಗುತ್ತದೆ.

3. ಜೈನ್, ಉಪವಾಸ, ಶೇಂಗಾ, ಗೋಡಂಬಿ, ಹಾಲು ಎಂದು ತಿಳಿಸುವ ಚೀಟಿ, ದರಪಟ್ಟಿ, ಮೊಬೈಲ್ ನಂಬರ್: ಇವು ಸಾದಾ ನೇರ ಅಕ್ಷರದಲ್ಲೇ ಇರಲಿ. ಅಲರ್ಜಿ ಇರುವವರಿಗೆ ಇದು ಪ್ರಾಣದ ಪ್ರಶ್ನೆ.

ಕನ್ನಡದಲ್ಲಿ ಲವಲವಿಕೆಯ ಅಕ್ಷರ ಬೇಕೆನ್ನುವವರಿಗೆ ಮುಂಬಯಿಯ ಏಕ್ ಟೈಪ್ ರೂಪಿಸಿದ 'ಬಾಲೂ ತಮ್ಮ' ಉಚಿತವಾಗಿ ದೊರೆಯುತ್ತದೆ. ಅದು ಕೈಬರಹವಲ್ಲ, ದುಂಡನೆಯ ದಪ್ಪ ಅಕ್ಷರ. ಬ್ಯಾನರಿಗೆ ಸೊಗಸು. ಚಿಕ್ಕ ಚೀಟಿಯಲ್ಲಿ ಮಾತ್ರ ಒತ್ತಕ್ಷರಗಳು ಮಸಿಯಲ್ಲಿ ಮುಚ್ಚಿಹೋಗದಂತೆ ನೋಡಿಕೊಳ್ಳಿ.

ಮುದ್ರಣಕ್ಕೆ ಕೊಡುವ ಮುನ್ನ ಒಂದು ಪ್ರತಿ ತೆಗೆಸಿ, ಕೌಂಟರಿನ ಮೇಲಿಟ್ಟು, ಮನೆಯ ಹಿರಿಯರನ್ನು ನಾಲ್ಕು ಅಡಿ ದೂರ ನಿಲ್ಲಿಸಿ ಓದಿಸಿ. ಅವರು ತಡವರಿಸಿದರೆ ಅಕ್ಷರ ಬದಲಿಸಿ. ಎಲೆಯ ಮುಂದೆ ಕೂತವರು ನಮ್ಮ ಮಾತನ್ನು ನಂಬಿಯೇ ಕೈ ಹಾಕುತ್ತಾರೆ. ಚೀಟಿಯೂ ನಮ್ಮ ಮಾತೇ.