ಹಾರಂಗಿಯ ಹಸಿರು ನೀರು ಕಲಿಸಿದ್ದು

ಕೊಡಗಿನ ಹಾರಂಗಿ ನಾಲೆಯ ಪಕ್ಕದಲ್ಲಿ ನನ್ನವು ಮೂರು ಸಣ್ಣ ಮೀನುಮರಿ ಕೊಳಗಳಿವೆ. ಕಾಟ್ಲಾ, ರೋಹು ಮರಿಗಳನ್ನು ಬೆರಳುದ್ದ ಬೆಳೆಸಿ ಮಾರುವುದು ನನ್ನ ಕಸುಬು. ಮರಿ ಬಿಡುವ ಮುಂಚೆ ಕೊಳಕ್ಕೆ ಸುಣ್ಣ ಹಾಕಿ, ಸಗಣಿ ಕದಡಿ, ಎಂಟು ಹತ್ತು ದಿನ ಬಿಸಿಲಿಗೆ ಬಿಟ್ಟರೆ ನೀರು ಹಸಿರಾಗುತ್ತದೆ. ಮೊಣಕೈವರೆಗೆ ಕೈ ಇಳಿಸಿದಾಗ ಅಂಗೈ ಕಾಣದಷ್ಟು ಹಸಿರು ಬಂದರೆ ಮರಿಗಳಿಗೆ ಮೇವು ಸಿದ್ಧವಾಯಿತು ಎಂದರ್ಥ. ಹಾಗಾಗಿ ಪಾಚಿ ಬೆಳೆಸುವುದು ನನಗೆ ಹೊಸದಲ್ಲ, ಅದರಿಂದ ಎಣ್ಣೆ ತೆಗೆಯಬಹುದು ಎಂಬ ಮಾತು ಹೊಸದಾಗಿತ್ತು. 2008ರ ಜುಲೈಯಲ್ಲಿ ಕಚ್ಚಾ ತೈಲದ ಬೆಲೆ ಬ್ಯಾರೆಲ್ಲಿಗೆ 147 ಡಾಲರ್ ಮುಟ್ಟಿದಾಗ ಆ ಮಾತು ಎಲ್ಲೆಡೆ ಹಬ್ಬಿತು. ಮರುವರ್ಷ ನಮ್ಮ ರಾಜ್ಯ ಜೈವಿಕ ಇಂಧನ ನೀತಿಯನ್ನು ತಂದಿತು. ಎಲ್ಲರೂ ಹೊಂಗೆ, ಬೇವು, ಸಿಮರೂಬದ ಕಡೆ ನೋಡಿದರು. ನಾನು ನನ್ನ ಕೊಳದ ಕಡೆ ನೋಡಿದೆ.

ಆಮೇಲಿನ ಹಲವು ಬೇಸಿಗೆಗಳಲ್ಲಿ ಒಂದು ಕೊಳವನ್ನು ಇದಕ್ಕೆಂದೇ ಬಿಟ್ಟಿದ್ದೇನೆ. ಡೀಸೆಲ್ ಮಾಡಬೇಕೆಂದು ಹೊರಟವನು ಕೊನೆಗೆ ಗೊಬ್ಬರ ಗ್ಯಾಸಿನ ತೊಟ್ಟಿಯ ಹತ್ತಿರ ಬಂದು ನಿಂತೆ. ಅಲ್ಲಿಗೆ ಹೇಗೆ ಬಂದೆ ಎನ್ನುವುದು ಈ ಕೆಲಸಕ್ಕೆ ಕೈಹಾಕುವ ಕಿರಿಯರಿಗೆ ಉಪಯೋಗವಾದೀತೆಂದು ಬರೆದಿದ್ದೇನೆ.

1. ಬಣ್ಣ ನೋಡಬೇಡಿ, ತೂಕ ನೋಡಿ

ಕಡುಹಸಿರು ಕೊಳವನ್ನು ಕಂಡಾಗ ಅದರ ತುಂಬ ಪಾಚಿಯೇ ಇದೆ ಎನ್ನಿಸುತ್ತದೆ. ಆದರೆ ತೆರೆದ ಕೊಳದ ಒಂದು ಲೀಟರ್ ಹಸಿರು ನೀರನ್ನು ಸೋಸಿ ಒಣಗಿಸಿದರೆ ಸಿಗುವುದು ಹೆಚ್ಚೆಂದರೆ ಅರ್ಧ ಗ್ರಾಂ ಪುಡಿ. ಉಳಿದದ್ದೆಲ್ಲ ನೀರು. ಆ ಪುಡಿಯಲ್ಲಿ ಐದನೇ ಒಂದು ಪಾಲು ಎಣ್ಣೆ ಎಂದಿಟ್ಟುಕೊಳ್ಳಿ. ಒಂದು ಲೀಟರ್ ಎಣ್ಣೆಗೆ ನಾಲ್ಕೂವರೆ ಕಿಲೋ ಒಣ ಪಾಚಿ ಬೇಕು. ಅಷ್ಟು ಪಾಚಿಗೆ ಒಂಬತ್ತು ಸಾವಿರ ಲೀಟರ್ ನೀರನ್ನು ಸೋಸಬೇಕು, ಅಂದರೆ ಟ್ರ್ಯಾಕ್ಟರ್ ಟ್ಯಾಂಕರಿನಲ್ಲಿ ಸುಮಾರು ಎರಡು ಲೋಡು. ಈ ಲೆಕ್ಕವನ್ನು ನಾನು ಮೊದಲೇ ಹಾಕಿದ್ದರೆ ಎರಡು ವರ್ಷ ಉಳಿಯುತ್ತಿತ್ತು.

2. ದೊಡ್ಡ ಅಂಕಿಗಳನ್ನು ನಮ್ಮ ಬಿಸಿಲಿನಲ್ಲಿ ತೂಗಿ

ನ್ಯೂಜಿಲೆಂಡಿನ ವಿಜ್ಞಾನಿ ಯೂಸುಫ್ ಚಿಸ್ತಿ 2007ರಲ್ಲಿ ಬರೆದ ಲೇಖನ ಆಗ ಎಲ್ಲರ ಕೈಯಲ್ಲೂ ಓಡಾಡುತ್ತಿತ್ತು. ಪಾಚಿಯಲ್ಲಿ ನೂರಕ್ಕೆ ಮೂವತ್ತರಷ್ಟು ಎಣ್ಣೆ ಇದ್ದರೆ ಒಂದು ಹೆಕ್ಟೇರಿನಲ್ಲಿ ವರ್ಷಕ್ಕೆ 58,700 ಲೀಟರ್ ಸಿಗುತ್ತದೆ ಎಂಬ ಲೆಕ್ಕ ಅದರಲ್ಲಿತ್ತು. ಅದು ಎಲ್ಲ ಸರಿಯಾಗಿ ನಡೆದಾಗಿನ ಮಾತು. ಅಮೆರಿಕ ಸರಕಾರ 1978ರಿಂದ 1996ರವರೆಗೆ ಇದೇ ಕೆಲಸಕ್ಕೆ ದೊಡ್ಡ ಯೋಜನೆ ನಡೆಸಿತು. ನ್ಯೂ ಮೆಕ್ಸಿಕೋದ ರಾಸ್‌ವೆಲ್‌ನಲ್ಲಿ ಸಾವಿರ ಚದರ ಮೀಟರಿನ ಕೊಳಗಳನ್ನು ಕಟ್ಟಿ ನೋಡಿದರು. ಒಳ್ಳೆಯ ದಿನಗಳಲ್ಲಿ ಬೆಳೆ ಚೆನ್ನಾಗಿ ಬಂದರೂ ವರ್ಷದ ಸರಾಸರಿ ಚದರ ಮೀಟರಿಗೆ ದಿನಕ್ಕೆ ಹತ್ತು ಗ್ರಾಮಿನ ಆಸುಪಾಸಿಗೆ ಇಳಿಯಿತು, ರಾತ್ರಿಯ ಚಳಿಯೇ ಅದಕ್ಕೆ ಮುಖ್ಯ ಕಾರಣ.

ನಾನು ಆ ಹತ್ತು ಗ್ರಾಮನ್ನೇ ಹಿಡಿದೆ. ಹಾರಂಗಿಯಲ್ಲಿ ನೆಚ್ಚಿಕೊಳ್ಳಬಹುದಾದ ಬಿಸಿಲಿನ ದಿನ ನೂರೈವತ್ತು. ಹೆಕ್ಟೇರಿಗೆ ದಿನಕ್ಕೆ ನೂರು ಕಿಲೋದಂತೆ ಹದಿನೈದು ಸಾವಿರ ಕಿಲೋ ಒಣ ಪಾಚಿ, ಅದರಲ್ಲಿ ಮೂರು ಸಾವಿರದ ಮುನ್ನೂರು ಲೀಟರಿನಷ್ಟು ಎಣ್ಣೆ. ಇದು ಸಣ್ಣ ಫಸಲಲ್ಲ. ಆದರೆ 58,700 ಎಂದುಕೊಂಡು ಬ್ಯಾಂಕಿನಲ್ಲಿ ಸಾಲ ತೆಗೆದವನನ್ನು ಇದು ಉಳಿಸುವುದಿಲ್ಲ. ದೊಡ್ಡವರ ಕಥೆಯೂ ಬೇರೆಯಲ್ಲ. ಎಕ್ಸಾನ್‌ಮೊಬಿಲ್ ಕಂಪನಿ 2009ರಲ್ಲಿ ಅರವತ್ತು ಕೋಟಿ ಡಾಲರ್‌ವರೆಗೆ ಹೂಡುತ್ತೇವೆಂದು ಪಾಚಿ ಎಣ್ಣೆಗೆ ಕೈಹಾಕಿತು, 2023ರ ಹೊತ್ತಿಗೆ ಕೈಬಿಟ್ಟಿತು.

3. ಮಳೆಗಾಲವನ್ನು ಲೆಕ್ಕದಿಂದ ತೆಗೆದುಬಿಡಿ

ಮಡಿಕೇರಿಗೆ ಹೋಲಿಸಿದರೆ ಕುಶಾಲನಗರದ ಸೀಮೆಗೆ ಮಳೆ ಕಡಿಮೆ. ಹಾಗಿದ್ದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ಬಿಡುವುದಿಲ್ಲ. ಮೇಲಿಂದ ಬರುವ ನೀರು ಕೆಂಪು. 2018ರ ಆಗಸ್ಟಿನಲ್ಲಿ ಮಾದಾಪುರ, ಹಟ್ಟಿಹೊಳೆ, ಮಕ್ಕಂದೂರು ಕಡೆಯ ಗುಡ್ಡಗಳು ಕುಸಿದು ಆ ಮಣ್ಣೆಲ್ಲ ಹಾರಂಗಿಗೆ ಇಳಿದಾಗ ನನ್ನ ಕೊಳದ ನೀರಿನಲ್ಲಿ ಬೆಳಕು ಒಂದು ಗೇಣೂ ಇಳಿಯುತ್ತಿರಲಿಲ್ಲ. ಬೆಳಕಿಲ್ಲದ ಕಡೆ ಪಾಚಿ ಇಲ್ಲ. ಮನೆ, ತೋಟ ಕಳೆದುಕೊಂಡವರ ನಡುವೆ ಆ ವರ್ಷ ನನ್ನ ಕೊಳದ ಮಾತು ಆಡುವುದೂ ತಪ್ಪೆನ್ನಿಸಿತು.

4. ಹೊಟ್ಟೆ ತುಂಬಿದ ಪಾಚಿ ಎಣ್ಣೆ ಕೂಡಿಡುವುದಿಲ್ಲ

ಇದು ನನಗೆ ತಡವಾಗಿ ಅರ್ಥವಾದ ವಿಷಯ. ಸಾರಜನಕ ಸಿಗುತ್ತಿರುವವರೆಗೆ ಪಾಚಿ ತನ್ನನ್ನು ಎರಡಾಗಿ, ನಾಲ್ಕಾಗಿ ಒಡೆದುಕೊಳ್ಳುತ್ತ ಹೋಗುತ್ತದೆ. ಸಾರಜನಕ ನಿಂತಾಗ ಒಡೆಯುವುದು ನಿಂತು, ಬಿಸಿಲಿನಿಂದ ಗಳಿಸಿದ್ದನ್ನು ಎಣ್ಣೆಯಾಗಿ ಒಳಗೆ ಇಟ್ಟುಕೊಳ್ಳುತ್ತದೆ. ಊಟ ಹಾಕಿದರೆ ಬೆಳೆ, ಉಪವಾಸ ಕೆಡವಿದರೆ ಎಣ್ಣೆ. ಎರಡೂ ಒಟ್ಟಿಗೆ ಸಿಗುವುದು ಅಪರೂಪ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐಯ ವಿಜ್ಞಾನಿಗಳು ಬಹುಕಾಲ ಅಭ್ಯಾಸ ಮಾಡಿದ ಬಾಟ್ರಿಯೊಕಾಕಸ್ ಎಂಬ ಪಾಚಿ ಪೆಟ್ರೋಲಿಯಂನ್ನೇ ಹೋಲುವ ಹೈಡ್ರೋಕಾರ್ಬನ್ ಮಾಡುತ್ತದೆ, ಆದರೆ ಬೆಳೆಯುವುದು ಬಲು ನಿಧಾನ. ಅಷ್ಟರೊಳಗೆ ಬೇರೆ ಪಾಚಿಗಳು ಕೊಳ ಹಿಡಿದಿರುತ್ತವೆ.

5. ಊರಿನ ನೀರಿಗೆ ಊರಿನ ಪಾಚಿಯೇ ಸರಿ

ಒಮ್ಮೆ ಒಳ್ಳೆಯ ಕ್ಲೊರೆಲ್ಲಾ ತಳಿಯನ್ನು ಬಾಟಲಿಯಲ್ಲಿ ತಂದು ತೊಟ್ಟಿಯಲ್ಲಿ ಬೆಳೆಸಿ ಕೊಳಕ್ಕೆ ಬಿಟ್ಟೆ. ಐದು ದಿನ ನೀರು ಗಿಳಿಹಸಿರಾಗಿತ್ತು. ಆರನೇ ಬೆಳಿಗ್ಗೆ ನೋಡಿದರೆ ನೀರು ತಿಳಿಯಾಗಿದೆ, ತಳ ಕಾಣುತ್ತಿದೆ. ರಾತ್ರಿ ಯಾರೋ ನೀರು ಬದಲಿಸಿದ್ದಾರೆ ಎನ್ನುವ ಹಾಗೆ. ಒಂದು ಲೋಟ ಎತ್ತಿ ಬೆಳಕಿಗೆ ಹಿಡಿದಾಗ ಅದರ ತುಂಬ ಕುಪ್ಪಳಿಸುವ ಚುಕ್ಕಿಗಳು. ಡಾಫ್ನಿಯಾ. ಅವು ಕೊಳವನ್ನೇ ಮೇದು ಮುಗಿಸಿದ್ದವು. ಮೀನುಮರಿಯವನಾದ್ದರಿಂದ ನನಗೆ ನಷ್ಟವಾಗಲಿಲ್ಲ, ಆ ಡಾಫ್ನಿಯಾವನ್ನೇ ಬಲೆಯಲ್ಲಿ ಹಿಡಿದು ಮರಿಗಳಿಗೆ ಹಾಕಿದೆ. ಎಣ್ಣೆಯನ್ನೇ ನಂಬಿದವನಿಗೆ ಅಲ್ಲಿ ಏನೂ ಉಳಿಯುತ್ತಿರಲಿಲ್ಲ. ರಾಸ್‌ವೆಲ್‌ನವರೂ ತಾವು ಬಿತ್ತಿದ ತಳಿಗಿಂತ ಸ್ಥಳೀಯ ಪಾಚಿಯೇ ಕೊಳವನ್ನು ಆಕ್ರಮಿಸಿತೆಂದು ಬರೆದಿದ್ದಾರೆ. ಆಮೇಲೆ ನಾನು ಹೊರಗಿನಿಂದ ತಳಿ ತಂದಿಲ್ಲ.

6. ಕೊಯ್ಲಿನಲ್ಲೇ ಎಲ್ಲ ಇದೆ

ನನ್ನನ್ನು ಕೇಳಿದರೆ ಪಾಚಿ ಇಂಧನದ ಕಷ್ಟವೆಲ್ಲ ಇಲ್ಲಿಯೇ ಇದೆ, ಬೆಳೆಸುವುದರಲ್ಲಿ ಇಲ್ಲ. ಕ್ಲೊರೆಲ್ಲಾದ ಒಂದು ಕಣ ಮಿಲಿಮೀಟರಿನ ಸಾವಿರದಲ್ಲಿ ಐದು ಪಾಲಿನಷ್ಟು ದಪ್ಪ. ಮಡಿಸಿದ ಪಂಚೆಯಲ್ಲಿ ಸೋಸಿದೆ, ಹಸಿರು ನೀರೇ ಕೆಳಗಿಳಿಯಿತು. ಪಟಿಕ ಹಾಕಿ ಕೆಳಗೆ ಕೂರಿಸಿದೆ, ಕೂತಿತು. ಆದರೆ ಆ ಕೆಸರನ್ನು ಮೀನಿಗೆ ಹಾಕುವ ಧೈರ್ಯ ಬರಲಿಲ್ಲ. ಹಾಲಿನ ಕೆನೆ ತೆಗೆಯುವ ಯಂತ್ರದಂತೆ ಗಿರ್ರನೆ ತಿರುಗುವ ಸೆಂಟ್ರಿಫ್ಯೂಜ್ ಕೆಲಸ ಮಾಡುತ್ತದೆ, ಆದರೆ ಒಂಬತ್ತು ಸಾವಿರ ಲೀಟರ್ ನೀರನ್ನು ಅದರೊಳಗೆ ಹಾಯಿಸುವ ಕರೆಂಟನ್ನು ಯೋಚಿಸಿ.

ಯಂತ್ರದಿಂದ ಬಂದ ಮುದ್ದೆಯಲ್ಲಿಯೂ ಐದು ಪಾಲಿಗೆ ನಾಲ್ಕು ಪಾಲು ನೀರೇ. ಒಂದು ಕಿಲೋ ಒಣ ಪಾಚಿ ಬೇಕಾದರೆ ನಾಲ್ಕು ಕಿಲೋ ನೀರನ್ನು ಆವಿ ಮಾಡಬೇಕು. ಅದಕ್ಕೆ ಕಮ್ಮಿಯೆಂದರೂ ಎರಡೂವರೆ ಯೂನಿಟ್ ಶಾಖ ಬೇಕು. ಆ ಒಂದು ಕಿಲೋದಲ್ಲಿರುವ ಇನ್ನೂರು ಗ್ರಾಂ ಎಣ್ಣೆಯನ್ನು ಸುಟ್ಟರೆ ಬರುವುದು ಎರಡು ಯೂನಿಟ್. ಒಣಗಿಸುವುದರಲ್ಲೇ ಎಣ್ಣೆಯ ಶಕ್ತಿಯೆಲ್ಲ ಹೋಗಿ ಮೇಲೆ ಅರ್ಧ ಯೂನಿಟ್ ಸಾಲ. ಈ ಲೆಕ್ಕವನ್ನು ನೋಟ್‌ಬುಕ್ಕಿನಲ್ಲಿ ಮೂರು ಸಲ ಬರೆದು ನೋಡಿದೆ.

ಬಿಸಿಲಿನಲ್ಲಿ ಒಣಗಿಸಿ ಎನ್ನುತ್ತಾರೆ. ಸರಿ, ಎಲ್ಲಿ? ನಮ್ಮಲ್ಲಿ ಒಳ್ಳೆಯ ಬಿಸಿಲಿರುವ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಎಲ್ಲರ ಕಣವೂ ಕಾಫಿಯಿಂದ ತುಂಬಿರುತ್ತದೆ. ಪಾಚಿಯನ್ನು ದೋಸೆಯಷ್ಟು ತೆಳ್ಳಗೆ ಹರಡದಿದ್ದರೆ ಒಂದೇ ರಾತ್ರಿಯಲ್ಲಿ ಕೊಳೆತು ನಾರುತ್ತದೆ.

ಈ ಗಂಟು ಬಿಡಿಸಿದ್ದು ನಾಲೆಯ ಕಲ್ಲಿಗೆ ಅಂಟಿ ಬೆಳೆಯುವ ನೂಲುಪಾಚಿ. ಅದರಲ್ಲಿ ಎಣ್ಣೆ ಕಡಿಮೆ, ಆದರೆ ಕೈಯಲ್ಲಿ ಬಾಚಿ ಎತ್ತಬಹುದು, ಹಿಂಡಬಹುದು. ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ವಾಲ್ಟರ್ ಏಡಿ 1980ರ ದಶಕದಲ್ಲಿ ಇಳಿಜಾರು ಕಾಲುವೆಯಲ್ಲಿ ಜಾಲರಿ ಹಾಸಿ, ಅದರ ಮೇಲೆ ನೀರು ಹರಿಸಿ, ಅಂಟಿದ ಪಾಚಿಯನ್ನು ಕೆರೆದು ತೆಗೆಯುವ ಕ್ರಮವನ್ನು ರೂಪಿಸಿದರು. ನಾನು ಹಳೆಯ ನೆರಳುಬಲೆಯನ್ನು ಸಿಮೆಂಟ್ ಕಾಲುವೆಯಲ್ಲಿ ಹಾಸಿದೆ. ವಾರಕ್ಕೊಮ್ಮೆ ಕೆರೆಯುತ್ತೇನೆ. ಸೋಸುವ ಕೆಲಸವೇ ಇಲ್ಲ.

7. ಗೊಬ್ಬರ ಕೊಂಡು ಪಾಚಿ ಬೆಳೆಸಬೇಡಿ

ಒಣ ಪಾಚಿಯ ತೂಕದಲ್ಲಿ ನೂರಕ್ಕೆ ಏಳೆಂಟು ಪಾಲು ಸಾರಜನಕ. ಒಂದು ಲೀಟರ್ ಎಣ್ಣೆಯ ಹಿಂದೆ ಸುಮಾರು ಮುಕ್ಕಾಲು ಕಿಲೋ ಯೂರಿಯಾ ಇರುತ್ತದೆ. ಯೂರಿಯಾ ಆಗುವುದು ನೈಸರ್ಗಿಕ ಅನಿಲದಿಂದ. ಒಂದು ಇಂಧನ ಸುರಿದು ಇನ್ನೊಂದನ್ನು ಪಡೆಯುವುದಕ್ಕೆ ನನ್ನ ಮನಸ್ಸು ಒಪ್ಪಲಿಲ್ಲ.

ಉತ್ತರ ಸಿಕ್ಕಿದ್ದು ಸುಂಟಿಕೊಪ್ಪ ಕಡೆಯ ಪರಿಚಯದ ಬೆಳೆಗಾರರೊಬ್ಬರಿಂದ. “ಅಣ್ಣಾ, ಪಲ್ಪರ್ ನೀರನ್ನ ಹೊಳೆಗೆ ಬಿಡೋಕೆ ಮನಸ್ಸು ಬರಲ್ಲ, ಇಟ್ಕೊಳ್ಳೋಕೆ ಜಾಗ ಇಲ್ಲ, ನಿನ್ನ ಪಾಚಿಗೆ ಆಗುತ್ತಾ ನೋಡು” ಎಂದರು. ಕಾಫಿ ಹಣ್ಣನ್ನು ಪಲ್ಪ್ ಮಾಡಿ ತೊಳೆದಾಗ ಲೋಳೆಯಲ್ಲಿನ ಸಕ್ಕರೆ, ಪೆಕ್ಟಿನ್ ಎಲ್ಲ ನೀರಿಗೆ ಬರುತ್ತವೆ. ಅದು ಹೊಳೆಗೆ ಬಿದ್ದರೆ ನೀರಿನ ಆಮ್ಲಜನಕವನ್ನೆಲ್ಲ ನುಂಗುತ್ತದೆ, ಮೀನು ಸಾಯುತ್ತವೆ. ನಾನು ಅದನ್ನು ನೇರವಾಗಿ ಪಾಚಿ ಕಾಲುವೆಗೆ ಬಿಟ್ಟೆ. ಎರಡೇ ದಿನದಲ್ಲಿ ಬಲೆಯ ಮೇಲಿನ ಪಾಚಿಯೆಲ್ಲ ಬೆಳ್ಳಗಾಗಿ ಕಳಚಿಕೊಂಡಿತು. ಹುಳಿನೀರು ಅದು, ಪಿಹೆಚ್ ನಾಲ್ಕರ ಆಸುಪಾಸು. ಬಣ್ಣವೂ ಕಂದು, ಬೆಳಕು ಇಳಿಯುವುದಿಲ್ಲ.

ಈಗಿನ ಕ್ರಮ ಬೇರೆ. ಮೊದಲು ಸುಣ್ಣ ಹಾಕಿ ಹುಳಿ ತೆಗೆಯುತ್ತೇವೆ. ಆಮೇಲೆ ಸಗಣಿಯ ಜೊತೆ ಮುಚ್ಚಿದ ಗ್ಯಾಸ್ ತೊಟ್ಟಿಗೆ. ಸಕ್ಕರೆಯೆಲ್ಲ ಅಲ್ಲಿ ಮೀಥೇನ್ ಆಗುತ್ತದೆ. ಹೊರಬರುವ ಸ್ಲರಿ ನೀರಿನಲ್ಲಿ ಸಾರಜನಕ, ರಂಜಕ ಹಾಗೇ ಉಳಿದಿರುತ್ತವೆ. ಅದನ್ನು ನಾಲ್ಕೈದು ಪಟ್ಟು ತಿಳಿನೀರಿನಲ್ಲಿ ಬೆರೆಸಿ ಪಾಚಿ ಕಾಲುವೆಗೆ ಹರಿಸುತ್ತೇವೆ. ಪಾಚಿ ಅದನ್ನು ಹೀರಿ ನೀರಿಗೆ ಆಮ್ಲಜನಕ ತುಂಬುತ್ತದೆ. ಕೆರೆದ ಪಾಚಿ ಹಸಿಯಾಗಿಯೇ ಮತ್ತೆ ಗ್ಯಾಸ್ ತೊಟ್ಟಿಗೆ ಹೋಗುತ್ತದೆ. ಒಣಗಿಸಬೇಕಿಲ್ಲ, ಎಣ್ಣೆ ಹಿಂಡಬೇಕಿಲ್ಲ. ಪಲ್ಪಿಂಗ್ ನಡೆಯುವ ತಿಂಗಳುಗಳೂ ಒಳ್ಳೆಯ ಬಿಸಿಲಿನ ತಿಂಗಳುಗಳೂ ನಮ್ಮಲ್ಲಿ ಒಂದೇ ಎಂಬುದನ್ನು ನೆನೆದಾಗ ನನಗೆ ಈಗಲೂ ಸಂತೋಷವಾಗುತ್ತದೆ.

ಒಂದು ಎಚ್ಚರಿಕೆ. ಪಾಚಿಯಲ್ಲಿ ಸಾರಜನಕ ಹೆಚ್ಚು, ಇಂಗಾಲ ಅದಕ್ಕೆ ತಕ್ಕಷ್ಟಿಲ್ಲ. ಅದೊಂದನ್ನೇ ತುಂಬಿದರೆ ತೊಟ್ಟಿಯಲ್ಲಿ ಅಮೋನಿಯಾ ಏರಿ ಗ್ಯಾಸ್ ಕುಂದುತ್ತದೆ. ಕಾಫಿಯ ಸಿಪ್ಪೆ ಬೆರೆಸಿದರೆ ಸರಿಹೋಗುತ್ತದೆ.

8. ಜಲಾಶಯಕ್ಕೆ ಕೈಹಾಕಬೇಡಿ

ಎಂಟೂವರೆ ಟಿಎಂಸಿ ನೀರು ನಿಲ್ಲುವ ಹಾರಂಗಿಯನ್ನು ಕಂಡವರು “ಇಷ್ಟು ನೀರಿದೆ, ಇದರಲ್ಲೇ ಬೆಳೆಸಬಹುದಲ್ಲ” ಎಂದು ಕೇಳುತ್ತಾರೆ. ಬೇಡ ಎಂದು ಕೈಮುಗಿದು ಹೇಳುತ್ತೇನೆ. ಪಾಚಿ ಹಗಲು ಆಮ್ಲಜನಕ ಕೊಡುತ್ತದೆ, ರಾತ್ರಿ ಅದನ್ನೇ ತೆಗೆದುಕೊಳ್ಳುತ್ತದೆ. ಹಸಿರು ಮಿತಿಮೀರಿದ ಕೊಳದಲ್ಲಿ ಬೆಳಗಿನ ಜಾವ ಮೀನುಗಳು ಬಾಯಿ ಮೇಲೆ ಮಾಡಿ ಗಾಳಿ ನುಂಗುವುದನ್ನು ಕಂಡವನಿಗೆ ಮತ್ತೆ ವಿವರಿಸಬೇಕಿಲ್ಲ. ಗೊಬ್ಬರ ಹೆಚ್ಚಾದ ನಿಂತ ನೀರಿನಲ್ಲಿ ಮೈಕ್ರೊಸಿಸ್ಟಿಸ್‌ನಂತಹ ನೀಲಿಹಸಿರು ಪಾಚಿ ಏಳುತ್ತದೆ. ಅದರ ಕೆಲವು ಬಗೆಗಳ ವಿಷ ಯಕೃತ್ತಿಗೆ ಪೆಟ್ಟು. ಮೀನುಗಾರಿಕೆ ಇಲಾಖೆ ಮಹಶೀರ್ ಮರಿ ಮಾಡುವುದು ಇದೇ ಹಾರಂಗಿಯಲ್ಲಿ. ಈ ನೀರು ಕೂಡಿಗೆಯ ಬಳಿ ಕಾವೇರಿ ಸೇರುತ್ತದೆ, ಅಲ್ಲಿಂದ ಕೆಳಗೆ ಎಷ್ಟು ಊರಿನವರು ಕುಡಿಯುತ್ತಾರೆ! ನಮ್ಮ ಪಾಚಿ ನಮ್ಮ ಕಾಲುವೆಯ ಒಳಗೇ ಇರಬೇಕು.

9. ಎಣ್ಣೆಯ ಆಸೆಯನ್ನು ಪೂರ್ತಿ ಬಿಡಬೇಡಿ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತು ಜೊತೆಗಾರರು 2009ರಲ್ಲಿ ಡಯಾಟಂ ಪಾಚಿಗಳ ಬಗ್ಗೆ ಒಂದು ಲೇಖನ ಪ್ರಕಟಿಸಿದರು. ಗಾಜಿನಂತಹ ಸಿಲಿಕಾ ಚಿಪ್ಪಿನೊಳಗೆ ಎಣ್ಣೆಯ ಹನಿ ಇಟ್ಟುಕೊಳ್ಳುವ ಈ ಜೀವಿಯನ್ನು ಕೊಲ್ಲದೆ, ಹಸುವಿನಿಂದ ಹಾಲು ಕರೆದಂತೆ ಎಣ್ಣೆ ಕರೆಯಲಾದೀತೇ ಎಂಬುದು ಅವರ ಪ್ರಶ್ನೆ. ಆರನೇ ಪಾಠದ ಗಂಟಿಗೆ ನೇರ ಉತ್ತರ ಅದು. ಕೊಯ್ಲೇ ಇಲ್ಲದಿದ್ದರೆ ಒಣಗಿಸುವ ಮಾತೂ ಇಲ್ಲ. ಅದೇ ತಂಡದವರು ಮೈಸೂರಿನ ಕೊಳಚೆ ನೀರಿನ ಕೊಳಗಳ ಪಾಚಿಯನ್ನೂ ಅಘನಾಶಿನಿ ಅಳಿವೆಯ ಡಯಾಟಂಗಳನ್ನೂ ನೋಡಿದ್ದಾರೆ. ಈ ಕೆಲಸ ಪ್ರಯೋಗಶಾಲೆಯಿಂದ ಊರಿಗೆ ಬರುವ ದಿನ ನಾನು ಕಾಣಬೇಕು.

ಹಾರಂಗಿ ನಾಲೆಯ ಕಲ್ಲುಗಳ ಮೇಲೆ ಚಳಿಗಾಲದಲ್ಲಿ ಕಾಣುವ ಜಾರುವ ಕಂದು ಹಾವಸೆಯಲ್ಲಿ ಡಯಾಟಂಗಳು ತುಂಬಿರುತ್ತವೆ. ಈ ಡಿಸೆಂಬರ್‌ನಲ್ಲಿ ಪಲ್ಪಿಂಗ್ ಶುರುವಾಗುವ ಮುಂಚೆ ಕಾಲುವೆಯ ಕೊನೆಯ ಹತ್ತು ಅಡಿಯಲ್ಲಿ ಬಲೆ ತೆಗೆದು ಗಾಜಿನ ಹಲಗೆ ಇಳಿಬಿಡುತ್ತೇನೆ. ಅಲ್ಲಿಗೆ ಬರುವಷ್ಟರಲ್ಲಿ ನೀರಿನ ಸಾರಜನಕ ಬಹುಪಾಲು ತೀರಿರುತ್ತದೆ. ಹಸಿದ ಡಯಾಟಂ ಎಣ್ಣೆ ಕೂಡಿಡುತ್ತದೆಯೇ ಎಂದು ಮಗಳ ಕಾಲೇಜಿನ ಸೂಕ್ಷ್ಮದರ್ಶಕದಲ್ಲಿ ನೋಡುತ್ತೇವೆ.