ಡಬ್ಬಿ ಹುಡುಕಿದ ದಿನ, ಕಲ್ಲು ನೋಡಿದ ದಿನ
(ಭೂಸ್ವರೂಪ ಪಾಠದಲ್ಲಿ ಜಿಪಿಎಸ್ ಹುಡುಕಾಟ: ಒಂದು ಅಭ್ಯಾಸ ಬೋಧನೆಯ ಅನುಭವ)

ಹಿನ್ನೆಲೆ

ನನ್ನ ಬೋಧನಾ ವಿಷಯಗಳು ಗಣಿತ ಮತ್ತು ವಿಜ್ಞಾನ. ಚಡಚಣದ ಸಮೀಪದ ಪ್ರೌಢಶಾಲೆಯೊಂದರಲ್ಲಿ ಅಭ್ಯಾಸ ಬೋಧನೆ ಮಾಡುವಾಗ, ಸಮಾಜ ವಿಜ್ಞಾನ ಶಿಕ್ಷಕರು ರಜೆಯಲ್ಲಿದ್ದ ಕಾರಣ ಎಂಟನೆಯ ತರಗತಿಗೆ 'ಹಿಮನದಿಯ ಕಾರ್ಯ' ಎಂಬ ಭಾಗವನ್ನು ಬೋಧಿಸಬೇಕಾಯಿತು. ನದಿ ಕೊರೆದ ಕಣಿವೆ 'ವಿ' ಆಕಾರ, ಹಿಮನದಿ ಕೊರೆದದ್ದು 'ಯು' ಆಕಾರ, ಹಿಮನದಿ ತಂದು ಸುರಿದ ಕಲ್ಲುಮಣ್ಣಿನ ರಾಶಿ ಮೊರೇನ್ ಎಂದು ಚಿತ್ರ ತೋರಿಸಿ ಹೇಳಿದೆ. ಮಕ್ಕಳು ಬರೆದುಕೊಂಡರು. ಕೊನೆಯ ಸಾಲಿನ ಹುಡುಗನೊಬ್ಬ ಎದ್ದು ನಿಂತು ಕೇಳಿದ: “ಸರ್, ನಮ್ಮ ಹೊಲದಾಗೂ ದುಂಡಗಿನ ಕಲ್ಲು ರಾಶಿ ಅದಾವ್ರಿ. ಹಂಗಾದ್ರ ಇಲ್ಲೂ ಹಿಮನದಿ ಇತ್ತೇನ್ರಿ?”

“ಇಲ್ಲಪ್ಪ” ಎಂದೆ. “ಹೆಂಗ ಗೊತ್ತಾತ್ರಿ?” ಎಂದ. ನನ್ನಲ್ಲಿ ಉತ್ತರವಿರಲಿಲ್ಲ. ನಾಳೆ ನೋಡೋಣ ಎಂದು ಕೂರಿಸಿದೆ. ಈ ಲೇಖನ ಆ ಪ್ರಶ್ನೆಗೆ ಉತ್ತರ ಹುಡುಕಲು ಮಾಡಿದ ಎರಡು ನಡಿಗೆಗಳ ಕುರಿತದ್ದು.

ಮೊದಲ ನಡಿಗೆ

ಜಿಯೋಕ್ಯಾಶಿಂಗ್ ಎಂಬ ಆಟದ ಬಗ್ಗೆ ಓದಿದ್ದೆ. 2000ನೇ ಇಸವಿಯ ಮೇ ತಿಂಗಳ ಆರಂಭದಲ್ಲಿ ಅಮೆರಿಕ ಸರ್ಕಾರವು ಸಾರ್ವಜನಿಕರ ಜಿಪಿಎಸ್ ಸಂಕೇತದಲ್ಲಿ ಬೇಕೆಂದೇ ಸೇರಿಸುತ್ತಿದ್ದ ದೋಷವನ್ನು ನಿಲ್ಲಿಸಿತು. ಮರುದಿನವೇ ಓರೆಗಾನ್ ರಾಜ್ಯದ ಡೇವ್ ಅಲ್ಮರ್ ಎಂಬವರು ಕಾಡಿನಲ್ಲಿ ಒಂದು ಬಕೆಟ್ ಬಚ್ಚಿಟ್ಟು, ಅದರ ಅಕ್ಷಾಂಶ ರೇಖಾಂಶಗಳನ್ನು ಪ್ರಕಟಿಸಿದರು. ಆಟ ಹುಟ್ಟಿದ್ದು ಹೀಗೆ. ವಿಸ್ಕಾನ್ಸಿನ್ ರಾಜ್ಯದಲ್ಲಿ ಹಿಮಯುಗದ ಹಿಮದ ಅಂಚನ್ನು ಅನುಸರಿಸುವ ಸುಮಾರು 1,900 ಕಿ.ಮೀ. ಉದ್ದದ ಕಾಲುಹಾದಿಯಲ್ಲಿ, ಹಿಮ ಬಿಟ್ಟುಹೋದ ಗುರುತುಗಳನ್ನು ಜನ ಇದೇ ರೀತಿ ಹುಡುಕುತ್ತಾರೆ.

ನಾನೂ ಶಾಲೆಯಿಂದ ಹಳ್ಳದವರೆಗಿನ ದಾರಿಯಲ್ಲಿ ಐದು ಪ್ಲಾಸ್ಟಿಕ್ ಡಬ್ಬಿ ಬಚ್ಚಿಟ್ಟೆ. ಒಳಗೆ ಪೆನ್ನು, ಚಾಕಲೇಟು ಮತ್ತು ಭೂಸ್ವರೂಪದ ಬಗ್ಗೆ ಒಂದು ಚೀಟಿ. ಮಾರ್ಗದರ್ಶಕ ಶಿಕ್ಷಕರ ಫೋನು, ನನ್ನ ಫೋನು ಎರಡೇ ಇದ್ದವು. ನಮ್ಮ ಊರು 17 ಡಿಗ್ರಿ ಉತ್ತರ ಅಕ್ಷಾಂಶ ಮತ್ತು 75 ಡಿಗ್ರಿ ಪೂರ್ವ ರೇಖಾಂಶದ ಮನೆಯೊಳಗಿದೆ. ದಶಮಾಂಶದ ನಾಲ್ಕನೆಯ ಸ್ಥಾನದಲ್ಲಿ ಒಂದು ಅಂಕಿ ಬದಲಾದರೆ ನೆಲದ ಮೇಲೆ ಸುಮಾರು 11 ಮೀಟರ್ ಸರಿದಂತೆ. ಗಣಿತದ ಈ ಭಾಗ ಮಕ್ಕಳಿಗೆ ಚೆನ್ನಾಗಿ ಹಿಡಿಸಿತು.

ಉಳಿದದ್ದು ಕೆಟ್ಟಿತು. ಫೋನು ಹಿಡಿದವರು ಮುಂದೆ ಓಡಿದರು, ಉಳಿದವರು ಅವರ ಹಿಂದೆ ಓಡಿದರು. ಬೇವಿನ ಮರದ ಕೆಳಗೆ ಜಿಪಿಎಸ್ ಕೆಲವು ಮೀಟರ್ ತಪ್ಪು ತೋರಿಸಿತು; ಮಕ್ಕಳು ರೈತರೊಬ್ಬರ ಒಡ್ಡನ್ನೇ ಕೆದರಿದರು. ನಾನು ಹೋಗಿ ಕ್ಷಮೆ ಕೇಳಿ ಒಡ್ಡು ಸರಿಪಡಿಸಿದೆ. ತರಗತಿಗೆ ಮರಳಿ “ಏನು ನೋಡಿದಿರಿ?” ಎಂದರೆ ಡಬ್ಬಿಯ ಲೆಕ್ಕ ಹೇಳಿದರು. ಚೀಟಿಗಳನ್ನು ಯಾರೂ ಓದಿರಲಿಲ್ಲ.

ಯೋಜನೆ ಬದಲಾದ ಬಗೆ

“ಮಕ್ಕಳು ತಪ್ಪು ಮಾಡಿಲ್ಲ. ನೀವು ಡಬ್ಬಿ ಹುಡುಕಿ ಅಂದಿರಿ, ಹುಡುಕಿದರು” ಎಂದರು ಮಾರ್ಗದರ್ಶಕರು. ಮತ್ತೆ ಓದಿದಾಗ, ಈ ಆಟದಲ್ಲೇ ಡಬ್ಬಿಯಿಲ್ಲದ ಒಂದು ಬಗೆ ಇದೆಯೆಂದು ತಿಳಿಯಿತು. 2004ರಲ್ಲಿ ಜಿಯಾಲಾಜಿಕಲ್ ಸೊಸೈಟಿ ಆಫ್ ಅಮೆರಿಕದ ಸಹಯೋಗದಲ್ಲಿ ಆರಂಭವಾದ 'ಅರ್ಥ್‌ಕ್ಯಾಶ್' ಅದು. ಹೇಳಿದ ಸ್ಥಳಕ್ಕೆ ಹೋಗಿ, ಅಲ್ಲಿನ ನೆಲವನ್ನು ನೋಡಿ, ಪ್ರಶ್ನೆಗೆ ಉತ್ತರ ತಂದರೆ ಹುಡುಕಾಟ ಮುಗಿದಂತೆ.

ಎರಡನೆಯ ನಡಿಗೆ

ಸ್ಥಳಗಳನ್ನು ಮೂರಕ್ಕೆ ಇಳಿಸಿದೆ. ಜಮೀನಿನವರ ಒಪ್ಪಿಗೆ ಪಡೆದೆ. ಪ್ರತಿ ಗುಂಪಿನಲ್ಲಿ ದಾರಿ ನೋಡುವವರು, ಅಳೆಯುವವರು, ಬರೆಯುವವರು ಎಂದು ಕೆಲಸ ಹಂಚಿ, ಪ್ರತಿ ಸ್ಥಳದಲ್ಲಿ ಅದಲು ಬದಲು ಮಾಡಿದೆ.

ಸ್ಥಳ 1: ರಸ್ತೆಗಾಗಿ ಕಡಿದ ದಿಬ್ಬದ ಪಕ್ಕ. ಪ್ರಶ್ನೆ: ಮೇಲಿನಿಂದ ಕೆಳಗೆ ಎಷ್ಟು ಪದರ? ಮೇಲೆ ಎರೆಮಣ್ಣು, ನಡುವೆ ಗರಸು, ಕೆಳಗೆ ಕರಿಕಲ್ಲು. ಕಲ್ಲಿನಲ್ಲಿ ಸಣ್ಣ ತೂತುಗಳು, ಕೆಲವದರಲ್ಲಿ ಬಿಳಿ ಹರಳು. ಇದು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ಆರಿ ಆದ ಬಸಾಲ್ಟ್. ತೂತುಗಳು ಲಾವಾದೊಳಗಿನ ಅನಿಲದ ಗುಳ್ಳೆಗಳ ಗುರುತು.

ಸ್ಥಳ 2: ಹಳ್ಳದ ದಂಡೆ. ಪ್ರಶ್ನೆ: ಹತ್ತು ಕಲ್ಲು ಆರಿಸಿ ಅಳೆಯಿರಿ; ಮೈ ಹೇಗಿದೆ? ಮೂಲೆ ಸವೆದು ನುಣುಪಾದ ಕಲ್ಲುಗಳು. ನೀರು ಸೆಳೆದಲ್ಲಿ ದಪ್ಪ ಕಲ್ಲು, ನೀರು ನಿಧಾನವಾದಲ್ಲಿ ಮರಳು, ಗಾತ್ರದಂತೆ ಬೇರೆಬೇರೆಯಾಗಿ ಬಿದ್ದಿದ್ದವು.

ಸ್ಥಳ 3: ಪ್ರಶ್ನೆ ಕೇಳಿದ ಹುಡುಗನ ಹೊಲ. ಅಲ್ಲಿ ದುಂಡುಕಲ್ಲುಗಳಿದ್ದವು, ಹರಿವ ನೀರು ಹತ್ತಿರವಿರಲಿಲ್ಲ. ಪ್ರಶ್ನೆ: ಇವನ್ನು ಯಾರು ದುಂಡಗೆ ಮಾಡಿದರು? ಗುಂಪುಗಳು ತುಂಬ ಹೊತ್ತು ನಿಂತವು. ಒಬ್ಬ ಹುಡುಗಿ ಕಲ್ಲಿನ ಮೇಲ್ಪದರವನ್ನು ಉಗುರಿನಿಂದ ಎಬ್ಬಿಸಿ, “ಸರ್, ಇದು ಉಳ್ಳಾಗಡ್ಡಿ ಸುಲದಂಗ ಸುಲೀತೈತ್ರಿ” ಎಂದಳು. ಅದೇ ಉತ್ತರ. ಬಸಾಲ್ಟಿನ ಬಿರುಕುಗಳಲ್ಲಿ ನೀರು ಇಳಿದು, ಮೂಲೆಗಳು ಎರಡು ಮೂರು ಕಡೆಯಿಂದ ಒಮ್ಮೆಗೇ ಕೊಳೆತು, ಪದರ ಪದರವಾಗಿ ಕಳಚಿ, ನಡುವೆ ಗುಂಡು ಉಳಿಯುತ್ತದೆ. ಈ ಕಲ್ಲುಗಳು ಎಲ್ಲಿಂದಲೂ ಬಂದಿಲ್ಲ. ಇದ್ದಲ್ಲೇ ದುಂಡಗಾಗಿವೆ.

ಆಗ ಹಿಮನದಿಯ ಪಾಠಕ್ಕೆ ಮರಳಿದೆವು. ಹಿಮ ತಂದ ರಾಶಿಯಲ್ಲಿ ನುಣ್ಣನೆಯ ಹಿಟ್ಟಿನಂಥ ಮಣ್ಣಿನಿಂದ ಹಿಡಿದು ಬಂಡೆಯವರೆಗೆ ಎಲ್ಲವೂ ಬೆರೆತಿರುತ್ತದೆ. ಕೆಲವು ಕಲ್ಲುಗಳ ಮುಖ ಚಪ್ಪಟೆಯಾಗಿ ಉಜ್ಜಿ, ಗೀರು ಬಿದ್ದಿರುತ್ತದೆ. ಅಲ್ಲಿನ ತಳಶಿಲೆಗೆ ಸೇರದ ದೂರದ ಕಲ್ಲುಗಳೂ ಸಿಗುತ್ತವೆ. ಒಡಿಶಾದ ತಾಲ್ಚೇರ್‌ನಲ್ಲಿ 1856ರಲ್ಲಿ ಬ್ಲಾನ್‌ಫರ್ಡ್ ಸಹೋದರರು ಇಂಥ ಬಂಡೆಪದರವನ್ನು ಕಂಡು, ಇದು ಹಿಮದ ಕೆಲಸವೆಂದು ಊಹಿಸಿದರು. ಅದು ಸುಮಾರು 30 ಕೋಟಿ ವರ್ಷ ಹಿಂದಿನದು. ನಮ್ಮ ಕರಿಕಲ್ಲು ಅದಕ್ಕಿಂತ ಬಹಳ ಎಳೆಯದು. ಈ ಗುರುತುಗಳಲ್ಲಿ ಒಂದೂ ನಮ್ಮ ಮೂರು ಸ್ಥಳಗಳಲ್ಲಿ ಸಿಗಲಿಲ್ಲ. “ಇಲ್ಲ” ಎಂದು ಆ ಹುಡುಗನೇ ಹೇಳಿದ. ಈ ಸಲ ಕಾರಣ ಸಹಿತ.

ಮೌಲ್ಯಮಾಪನ

ಮರುದಿನ ಮೂರು ಚಿತ್ರ ಕೊಟ್ಟು, ಕಲ್ಲುಗಳನ್ನು ದುಂಡಗೆ ಮಾಡಿದ್ದು ಯಾವುದು, ಗುರುತೇನು ಎಂದು ಬರೆಸಿದೆ. ಹೆಚ್ಚಿನವರು ಗುರುತು ಬರೆದೇ ಉತ್ತರಿಸಿದರು. ಕೆಲವರು ನದಿ ಮತ್ತು ಹಿಮನದಿಯ ರಾಶಿಗಳನ್ನು ಇನ್ನೂ ಗೊಂದಲ ಮಾಡಿಕೊಂಡಿದ್ದರು. ಅವರಿಗೆ ಮರಳು, ಕಲ್ಲು, ಮಣ್ಣು ಬೆರೆಸಿದ ನೀರಿನ ಬಾಟಲಿ ಅಲುಗಾಡಿಸಿ ತೋರಿಸಿ, ದಪ್ಪ ಕಣ ಮೊದಲು ತಳಕ್ಕೆ ಇಳಿಯುವುದನ್ನು ವಿವರಿಸಿದೆ.

ಸಹ ಪ್ರಶಿಕ್ಷಣಾರ್ಥಿಗಳಿಗೆ

ಇಂಥ ಪಾಠ ಮಾಡುವವರು ಮೊದಲು ತಾವೇ ದಾರಿ ನಡೆದು ನೋಡಿ. ಬಾವಿ, ಕ್ವಾರಿ, ತುಂಬಿದ ಹಳ್ಳಗಳನ್ನು ಬಿಡಿ. ಎರಡು ಫೋನು ಸಾಕು. ಬಹುಮಾನದ ಡಬ್ಬಿ ಇಡುವುದಾದರೆ ಅದು ಮಕ್ಕಳ ಕಣ್ಣನ್ನು ಎಲ್ಲಿಗೆ ಎಳೆಯುತ್ತದೆ ಎಂದು ಮೊದಲೇ ಯೋಚಿಸಿ. ನನ್ನ ಪಾಠ ಯೋಜನೆಯಲ್ಲಿ 'ವಿದ್ಯಾರ್ಥಿಗಳ ಸಂಭಾವ್ಯ ಪ್ರಶ್ನೆಗಳು' ಎಂಬ ಕಾಲಂ ಖಾಲಿ ಇತ್ತು. ಈಗ ಪಾಠಕ್ಕೆ ಮುನ್ನ ಅದನ್ನೇ ಮೊದಲು ತುಂಬುತ್ತೇನೆ.