ನೆಟ್ ಹೋದದ್ದಕ್ಕೂ ಬೇಕು ಮಳೆ ಲೆಕ್ಕದಂಥ ಒಂದು ಲೆಕ್ಕ

ಒಣಬೇಸಾಯ ಮಾಡುವವನಿಗೆ ಮಳೆ ಲೆಕ್ಕ ಬರೆದಿಡುವ ಚಟ ಇರ್ತದೆ. ನನ್ನ ಹತ್ತಿರ ಇಪ್ಪತ್ತೆರಡು ವರ್ಷದ ನೋಟುಪುಸ್ತಕ ಇದೆ. ಯಾವ ತಾರೀಕು, ಯಾವ ಮಳೆ, ಹದ ಆಯ್ತೋ ಬರೀ ಧೂಳು ಅಡಗಿತೋ, ಇಷ್ಟೇ ಬರೆಯೋದು. ಈಚೆಗೆ ಅದೇ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಇನ್ನೊಂದು ಲೆಕ್ಕ ಸೇರಿದೆ. ಅದು ನೆಟ್ ಹೋದ ಲೆಕ್ಕ. ನಗಬೇಡಿ. ಇದರ ಹಿಂದೆ ಒಂದು ನಷ್ಟದ ಕಥೆ ಇದೆ.

2023ರ ಮುಂಗಾರಿಗೆ ಮೂರು ಎಕರೆ ಶೇಂಗಾ ಹಾಕಿದ್ದೆ. ಬೆಳೆವಿಮೆ ಕಟ್ಟೋಣ ಅಂತ ಕೊನೆಯ ದಿನ ಊರಿನ ಅರ್ಜಿ ಹಾಕುವ ಅಂಗಡಿಗೆ ಹೋದೆ. ನಮ್ಮ ತಮ್ಮನ ಮಗನದ್ದೇ ಅಂಗಡಿ. ಹನ್ನೊಂದಕ್ಕೆ ನೆಟ್ ಹೋಯ್ತು. ಬರ್ತದೆ ಬರ್ತದೆ ಅಂತ ಹದಿನೈದು ಜನ ಕಟ್ಟೆ ಮೇಲೆ ಕೂತೆವು. ಬಂದದ್ದು ರಾತ್ರಿ ಎಂಟರ ಮೇಲೆ. ಅರ್ಧ ಅರ್ಜಿ ತುಂಬುವಷ್ಟರಲ್ಲಿ ಮತ್ತೆ ನಿಂತಿತು. "ದೊಡ್ಡಪ್ಪ, ಇನ್ನಾಗಲ್ಲ" ಅಂದ ಹುಡುಗ. ಆ ವರ್ಷ ಏನಾಯ್ತು ಅಂತ ನಿಮಗೆಲ್ಲ ಗೊತ್ತು. ಆಗಸ್ಟ್‌ನಲ್ಲಿ ಆಶ್ಲೇಷ, ಮಖೆ ಎರಡೂ ಕೈಕೊಟ್ಟವು. ರಾಜ್ಯದ 223 ತಾಲ್ಲೂಕು ಬರಪಟ್ಟಿಗೆ ಸೇರಿದವು. ಹೂವು ಬಿಟ್ಟ ಶೇಂಗಾ ಊಡು ಇಳಿಯದೆ ಒಣಗಿತು. ವಿಮೆ ಕಟ್ಟಿದವರಿಗೆ ಕಾದು ಕಾದು ಏನೋ ಅಷ್ಟು ಬಂತು. ನನ್ನ ಅರ್ಜಿಯೇ ಇರಲಿಲ್ಲ, ಕೇಳೋದು ಯಾರನ್ನ?

ನೆಟ್ ಕಂಪನಿಯವರನ್ನು ಕೇಳಿದ್ದಕ್ಕೆ "ಮಳೆ ಗಾಳಿ, ಏನು ಮಾಡೋದು? ಯಾವಾಗಲೋ ಒಂದು ಸಲ ಹೋಗ್ತದೆ" ಅಂದರು. ಮಳೆಯೇ ಇಲ್ಲದ ವರ್ಷದಲ್ಲಿ ಈ ಮಾತು! ಆದರೆ "ಯಾವಾಗಲೋ ಒಂದು ಸಲ" ಅನ್ನೋದಕ್ಕೆ ಎದುರಾಗಿ ತೋರಿಸಲು ನನ್ನ ಹತ್ತಿರವೂ ಏನೂ ಇರಲಿಲ್ಲ. ಮುಂದಿನ ವರ್ಷ ಜೂನ್ 1ರಿಂದ ಬರೆಯಲು ಶುರು ಮಾಡಿದೆ.

ಮೊದಲು, ಹೋದದ್ದು ಯಾವುದು?

ಬೋರ್ ನೀರು ಬರದಿದ್ದರೆ ನಾವು ಒಂದೇ ಸಲ ಬೋರ್ ಬತ್ತಿತು ಅನ್ನೋದಿಲ್ಲ. ಕರೆಂಟು ನೋಡ್ತೀವಿ, ಸ್ಟಾರ್ಟರ್ ನೋಡ್ತೀವಿ, ಪೈಪು ಒಡೆದಿದೆಯಾ ನೋಡ್ತೀವಿ. ನೆಟ್ಟಿಗೂ ಹಾಗೇ ಹತ್ತಿರದಿಂದ ದೂರಕ್ಕೆ ನೋಡ್ತಾ ಹೋಗಬೇಕು.

ಅಂಗಡಿಯ ಕೇಬಲ್ ಪೆಟ್ಟಿಗೆಯಲ್ಲಿ ದೀಪಗಳಿವೆ. ಎಲ್ಲ ದೀಪ ಆರಿದ್ದರೆ ಪೆಟ್ಟಿಗೆಗೇ ಕರೆಂಟಿಲ್ಲ. ಎಲ್‌ಓಎಸ್ ಅನ್ನುವ ಕೆಂಪು ದೀಪ ಹತ್ತಿದರೆ ಕೇಬಲ್ಲಿನೊಳಗೆ ಬೆಳಕು ಬರ್ತಾ ಇಲ್ಲ ಅಂತ ಅರ್ಥ. ಈ ಕೇಬಲ್ಲಿನಲ್ಲಿ ತಾಮ್ರ ಇಲ್ಲ, ಕೂದಲಿನಂಥ ಗಾಜಿನ ಎಳೆ ಇದೆ. ಅದರೊಳಗೆ ಬೆಳಕು ಓಡಾಡ್ತದೆ. ಕೆಂಪು ದೀಪಕ್ಕೆ ಎರಡು ಕಾರಣ ಇರಬಹುದು. ದಾರಿಯಲ್ಲಿ ಎಳೆ ತುಂಡಾಗಿರಬೇಕು, ಇಲ್ಲವೇ ಆ ಕಡೆ ಬೆಳಕು ಬಿಡುವ ಯಂತ್ರವೇ ಆರಿರಬೇಕು. ಇದನ್ನು ನೆನಪಿಡಿ, ಮುಂದೆ ಬೇಕಾಗ್ತದೆ.

ದೀಪ ಸರಿ ಇದ್ದೂ ನೆಟ್ ಇಲ್ಲದಿದ್ದರೆ ಹುಡುಗ ಕಂಪ್ಯೂಟರಿನಲ್ಲಿ 'ಪಿಂಗ್' ಮಾಡ್ತಾನೆ. ಪಿಂಗ್ ಅಂದರೆ ಕೂಗು ಹಾಕೋದು. ಬಾವಿಗೆ ಕೂಗಿದರೆ ದನಿ ತಿರುಗಿ ಬರ್ತದಲ್ಲ, ಹಾಗೆ. 1983ರಲ್ಲಿ ಅಮೆರಿಕದ ಮೈಕ್ ಮ್ಯೂಸ್ ಎಂಬುವರು ಇದನ್ನು ಬರೆದರಂತೆ. ಕೂಗು ತಿರುಗಿ ಬರಲು ಎಷ್ಟು ಹೊತ್ತಾಯ್ತು ಅಂತ ಸೆಕೆಂಡಿನ ಸಾವಿರದಲ್ಲೊಂದು ಪಾಲಿನ ಲೆಕ್ಕದಲ್ಲಿ ತೋರಿಸ್ತದೆ. ಮೂರು ಸಲ ಕೂಗಬೇಕು. ಮೊದಲು ಅಂಗಡಿಯದೇ ಪೆಟ್ಟಿಗೆಗೆ. ಓಗೊಡದಿದ್ದರೆ ತಪ್ಪು ನಮ್ಮ ಮನೆಯೊಳಗೇ ಇದೆ. ಎರಡನೆಯದು ದೂರದ ಒಂದು ಯಂತ್ರಕ್ಕೆ, ಅದರ ನಂಬರಿನಿಂದ. ಹುಡುಗ ಗೂಗಲ್‌ನವರ 8.8.8.8 ಅನ್ನುವ ನಂಬರು ಹಾಕ್ತಾನೆ. ಓಗೊಡದಿದ್ದರೆ ದಾರಿ ಕೆಟ್ಟಿದೆ. ಮೂರನೆಯದು ಹೆಸರು ಹೇಳಿ ಕೂಗೋದು. ನಂಬರಿಗೆ ಓಗೊಟ್ಟು ಹೆಸರಿಗೆ ಓಗೊಡದಿದ್ದರೆ ದಾರಿ ಚೆನ್ನಾಗೇ ಇದೆ, ಹೆಸರಿಗೆ ನಂಬರು ಹುಡುಕಿಕೊಡುವ ಪಟ್ಟಿ ಮಾತ್ರ ಸಿಗ್ತಾ ಇಲ್ಲ.

ಬರೀ ಮೊಬೈಲು ಇದ್ದವರು ಇಷ್ಟು ಮಾಡಿ: ಪಕ್ಕದವರ ಅದೇ ಕಂಪನಿ ಸಿಮ್ ನೋಡಿ, ಆಮೇಲೆ ಬೇರೆ ಕಂಪನಿ ಸಿಮ್ ನೋಡಿ, ಆಮೇಲೆ ಪಕ್ಕದ ಊರಿಗೆ ಫೋನು ಮಾಡಿ ಕೇಳಿ. ನಾನು ಬರೆದ 37 ಸಲದಲ್ಲಿ 5 ಸಲ ತಪ್ಪು ನಮ್ಮದೇ ಆಗಿತ್ತು. ಒಮ್ಮೆ ಇಲಿ ವೈರು ಕಡಿದಿತ್ತು. ಅದನ್ನು ಕಂಪನಿ ತಲೆಗೆ ಕಟ್ಟಿದ್ದರೆ ಉಳಿದ 32ನ್ನೂ ಯಾರೂ ನಂಬುತ್ತಿರಲಿಲ್ಲ.

ಬರೆಯುವ ಬಗೆ

ಪುಸ್ತಕದಲ್ಲಿ ಐದು ಮನೆ ಗೆರೆ ಹಾಕಿದೆ. ತಾರೀಕು, ಹೋದ ಹೊತ್ತು, ಬಂದ ಹೊತ್ತು, ಆಗ ಊರಿನಲ್ಲಿ ಕರೆಂಟು ಇತ್ತೋ ಇಲ್ಲವೋ, ಯಾವ ದೀಪ ಹತ್ತಿತ್ತು. ಮಳೆ ಲೆಕ್ಕ ಹೇಗೂ ಮುಂದಿನ ಹಾಳೆಗಳಲ್ಲಿ ಇದ್ದೇ ಇದೆ. ಅಂಗಡಿಗೆ ಯುಪಿಎಸ್ ಇರೋದರಿಂದ ಕರೆಂಟು ಹೋದರೂ ನಮ್ಮ ಪೆಟ್ಟಿಗೆ ಆರೋದಿಲ್ಲ.

ಬರೆದದ್ದನ್ನು ಓದಿದರೆ ಏನೂ ತಿಳಿಯಲಿಲ್ಲ. ಮಗಳ ಹಳೇ ಗ್ರಾಫ್ ಪುಸ್ತಕ ತೆಗೆದೆ. ದಿನಕ್ಕೊಂದು ಸಾಲು, ಅರ್ಧ ಗಂಟೆಗೆ ಒಂದು ಚೌಕ. ಬೆಳಿಗ್ಗೆ ಆರರಿಂದ ರಾತ್ರಿ ಹತ್ತರವರೆಗೆ 32 ಚೌಕ. ತಿಂಗಳಿಗೊಂದು ಹಾಳೆ. ಕರೆಂಟೂ ಇಲ್ಲದೆ ನೆಟ್ಟೂ ಇಲ್ಲದಿದ್ದರೆ ಕರಿ ಬಣ್ಣ. ಕರೆಂಟು ಇದ್ದೂ ನೆಟ್ ಇಲ್ಲದಿದ್ದರೆ ಕೆಂಪು. ನೆಟ್ ಇದ್ದು ತೆವಳುತ್ತಿದ್ದರೆ ಹಳದಿ. ಏಳನೇ ಕ್ಲಾಸಿನ ಲೆಕ್ಕ ಇದಕ್ಕೆ ಧಾರಾಳ ಸಾಕು.

ಮೂರು ಹಾಳೆ ಗೋಡೆಗೆ ಅಂಟಿಸಿ ದೂರ ನಿಂತು ನೋಡಿದಾಗ ಹೊಲದಲ್ಲಿ ರೋಗ ಬಿದ್ದ ಜಾಗ ಕಂಡ ಹಾಗೆ ಕಂಡಿತು.

ಬಣ್ಣ ಹೇಳಿದ್ದೇನು?

ಜೂನ್, ಜುಲೈ, ಆಗಸ್ಟ್ ಸೇರಿ 92 ದಿನ. ಕರಿ 26 ಸಲ, ಕೆಂಪು 6 ಸಲ. ಕರಿ ಇದ್ದ 26 ದಿನವನ್ನು ಮಳೆ ಲೆಕ್ಕದ ಪಕ್ಕ ಇಟ್ಟು ನೋಡಿದೆ. ಮಳೆ ಬಂದದ್ದು ಅದರಲ್ಲಿ 8 ದಿನ ಮಾತ್ರ. ಹಾಗಾದರೆ "ಮಳೆ ಗಾಳಿ" ಅನ್ನುವ ಮಾತು ಬಿದ್ದುಹೋಯ್ತು.

ಇನ್ನೊಂದು ವಿಷಯ. ಕರೆಂಟು ಹೋದ ತಕ್ಷಣ ನೆಟ್ ಹೋಗ್ತಿರಲಿಲ್ಲ. 40–50 ನಿಮಿಷ ಆದ ಮೇಲೆ ಕೆಂಪು ದೀಪ ಬರ್ತಿತ್ತು. ಅರ್ಧ ಗಂಟೆಯೊಳಗೆ ಕರೆಂಟು ತಿರುಗಿ ಬಂದ ದಿನ ನೆಟ್ ಒಮ್ಮೆಯೂ ಹೋಗಿಲ್ಲ. ಕರೆಂಟು ಬಂದು ಹತ್ತು ನಿಮಿಷಕ್ಕೆ ನೆಟ್ಟೂ ಬರ್ತಿತ್ತು. ಕೇಬಲ್ ತುಂಡಾಗಿದ್ದರೆ ಕರೆಂಟು ಬಂದ ಮಾತ್ರಕ್ಕೆ ಅದು ತಾನೇ ಕೂಡಿಕೊಳ್ತದಾ? ಬೆಳಕು ಬಿಡುವ ಯಂತ್ರ ಇರೋದು ಪಕ್ಕದ ದೊಡ್ಡ ಊರಿನಲ್ಲಿ, ಅದಕ್ಕೂ ನಮ್ಮದೇ ಕರೆಂಟು ಲೈನು. ಅಂದರೆ ಅದರ ಬ್ಯಾಟರಿ ಮುದಿಯಾಗಿ ಮುಕ್ಕಾಲು ಗಂಟೆಗೆ ಸುಸ್ತಾಗ್ತಿತ್ತು.

ಕೆಂಪು ಆರು ಸಲವೇ ಆದರೂ ಅದರಲ್ಲಿ ಎರಡು ಉದ್ದ, ಒಂದು 11 ಗಂಟೆ, ಒಂದು 9 ಗಂಟೆ. ಎರಡೂ ರಸ್ತೆ ಬದಿ ಜೆಸಿಬಿ ಅಗೆದ ದಿನಗಳು. ಇದು ನಮ್ಮೂರಿನ ರೋಗ ಮಾತ್ರ ಅಲ್ಲ. 2011ರ ಮಾರ್ಚ್‌ನಲ್ಲಿ ಜಾರ್ಜಿಯಾ ದೇಶದಲ್ಲಿ 75 ವರ್ಷದ ಅಜ್ಜಿಯೊಬ್ಬರು ತಾಮ್ರ ಹುಡುಕುತ್ತಾ ಅಗೆದು ಕೇಬಲ್ ಕತ್ತರಿಸಿದರು ಅಂತ ಪೊಲೀಸರು ಹೇಳಿದರು. ಪಕ್ಕದ ಆರ್ಮೇನಿಯಾ ದೇಶಕ್ಕೆ ಸುಮಾರು 5 ಗಂಟೆ ಇಂಟರ್‌ನೆಟ್ಟೇ ಇರಲಿಲ್ಲ. ನಮ್ಮ ದೇಶದಲ್ಲಿ ಅಗೆಯುವ ಮೊದಲು ತಿಳಿಸಲಿಕ್ಕೆ ಅಂತ 2023ರ ಮಾರ್ಚ್‌ನಲ್ಲಿ 'ಕಾಲ್ ಬಿಫೋರ್ ಯು ಡಿಗ್' ಎಂಬ ಆಪ್ ತಂದಿದ್ದಾರೆ. ಜೆಸಿಬಿ ಹುಡುಗರಿಗೆ ಇದನ್ನು ಹೇಳುವ ಕೆಲಸ ನಮ್ಮದೂ ಹೌದು. ಪೈಪ್‌ಲೈನಿಗೆ ರಸ್ತೆ ದಾಟಿಸಿ ಚರಂಡಿ ತೆಗೆಯುವವರು ನಾವೇ ಅಲ್ಲವಾ?

ಹಳದಿ ಬಂದದ್ದು ದಿನಾ ಸಂಜೆ ಏಳರಿಂದ ಹತ್ತು. ಅದು ಕೆಟ್ಟದ್ದಲ್ಲ, ನೂಕುನುಗ್ಗಲು. ಒಂದೇ ನಲ್ಲಿಗೆ ಊರೆಲ್ಲ ಕೊಡ ಹಿಡಿದ ಹಾಗೆ.

ನೂರಕ್ಕೆ ಇಷ್ಟು ಅನ್ನುವ ಮೋಸ

ಮೂರು ತಿಂಗಳಲ್ಲಿ ನಾನು ನೋಡಿದ ಹೊತ್ತು 92 ದಿನಕ್ಕೆ 16ರಂತೆ 1472 ಗಂಟೆ. ನೆಟ್ ಇಲ್ಲದ್ದು 61 ಗಂಟೆ. ನೂರಕ್ಕೆ 4ರ ಹತ್ತಿರ. ಕಂಪನಿಯವರು "ನೂರಕ್ಕೆ 96 ಇದೆಯಲ್ಲ" ಅನ್ನಬಹುದು. ಆದರೆ ಆ 61ರಲ್ಲಿ 38 ಗಂಟೆ ಬೆಳಿಗ್ಗೆ ಹತ್ತರಿಂದ ಸಂಜೆ ಐದರೊಳಗೆ ಬಂದಿದೆ. ಕೂಲಿ ಬಿಟ್ಟು ಜನ ಅಂಗಡಿಗೆ ಬರೋದೇ ಆಗ. ವರ್ಷಕ್ಕೆ ಇಷ್ಟು ಮಿಲಿಮೀಟರ್ ಮಳೆ ಆಯ್ತು ಅಂದರೆ ಬೆಳೆ ಬರ್ತದಾ? ಊಡು ಇಳಿಯುವಾಗ ಬಂತಾ ಅಂತ ಕೇಳಬೇಕು. ನೂರಕ್ಕೆ 99 ಅಂದರೂ ವರ್ಷದ 8760 ಗಂಟೆಯಲ್ಲಿ 87 ಗಂಟೆ, ಅಂದರೆ ಮೂರೂವರೆ ದಿನ ಇರೋದಿಲ್ಲ. ಆ ಮೂರೂವರೆ ದಿನ ಯಾವಾಗ ಬಂತು ಅನ್ನೋದನ್ನು ಚಿತ್ರ ಹೇಳ್ತದೆ, ಅಂಕಿ ಹೇಳೋದಿಲ್ಲ.

ದೊಡ್ಡವರೂ ಮಾಡೋದು ಇದೇ

ಹುಡುಗ ಓದಿ ಹೇಳಿದ. 1990ರ ದಶಕದ ಮಧ್ಯದಲ್ಲಿ ಇಂಗ್ಲೆಂಡಿನ ಒಂದು ವಿಶ್ವವಿದ್ಯಾಲಯದಲ್ಲಿ ಸಾವಿರಕ್ಕೂ ಹೆಚ್ಚು ಕಂಪ್ಯೂಟರಿಗೆ ಹೊರಗಿನ ದಾರಿ ಒಂದೇ ಸಣ್ಣ ಲೈನಿತ್ತಂತೆ. ಅಲ್ಲಿದ್ದ ತೋಬಿಯಾಸ್ ಓಟಿಕರ್ ಎಂಬುವರು ಐದು ನಿಮಿಷಕ್ಕೊಮ್ಮೆ ಆ ಲೈನಿನ ಅಳತೆ ತೆಗೆದು ಗೆರೆ ಚಿತ್ರ ಮಾಡುವ 'ಎಂಆರ್‌ಟಿಜಿ' ಎಂಬ ಪ್ರೋಗ್ರಾಂ ಬರೆದರು. ಜಗತ್ತಿನ ಎಷ್ಟೋ ನೆಟ್ ಕಚೇರಿಗಳ ಗೋಡೆಗೆ ಆ ಚಿತ್ರ ಏರಿತು.

ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯಿತಿಗಳಲ್ಲಿ ಮಳೆಮಾಪಕ ನಿಲ್ಲಿಸಿದ್ದಾರಲ್ಲ, ಹಾಗೇ ನೆಟ್ಟಿಗೂ ಇದೆ. ಯುರೋಪಿನ ರೈಪ್ ಎನ್‌ಸಿಸಿ ಎಂಬ ಸಂಸ್ಥೆ 2010ರಿಂದ ಅಂಗೈಯಷ್ಟು ಪೆಟ್ಟಿಗೆಗಳನ್ನು ಒಪ್ಪಿದವರ ಮನೆಯಲ್ಲಿ ಇಡಿಸ್ತಾ ಬಂದಿದೆ. ಈಗ ಹತ್ತು ಸಾವಿರಕ್ಕೂ ಹೆಚ್ಚು ಪೆಟ್ಟಿಗೆಗಳು ಪಿಂಗ್ ಕೂಗ್ತಾ ಇವೆ. ಎಲ್ಲಿಯ ಕೂಗು ನಿಂತಿತು ಅಂತ ನಕ್ಷೆಯಲ್ಲಿ ಕಾಣ್ತದೆ.

ಕೆನಡಾದ ಕಥೆ ನನಗೆ ಬಹಳ ಹಿಡಿಸಿತು. 2022ರ ಜುಲೈ 8ರಂದು ಅಲ್ಲಿಯ ರೋಜರ್ಸ್ ಎಂಬ ದೊಡ್ಡ ಕಂಪನಿಯವರು ತಮ್ಮ ಜಾಲದ ನಡುಮನೆಯಲ್ಲಿ ಏನೋ ಬದಲಾವಣೆ ಮಾಡಲು ಹೋಗಿ ಒಂದು ಜರಡಿಯನ್ನು ತೆಗೆದುಬಿಟ್ಟರು. ತಡೆಯಿಲ್ಲದೆ ನುಗ್ಗಿದ ಮಾಹಿತಿ ತಾಳದೆ ದೊಡ್ಡ ಯಂತ್ರಗಳು ಮಲಗಿದವು. 1 ಕೋಟಿ 20 ಲಕ್ಷಕ್ಕೂ ಹೆಚ್ಚು ಗ್ರಾಹಕರಿಗೆ ಸುಮಾರು 26 ಗಂಟೆ ತೊಂದರೆ. ಅಂಗಡಿಗಳಲ್ಲಿ ಕಾರ್ಡು ನಡೆಯಲಿಲ್ಲ. ತಮಾಷೆ ಏನಂದರೆ, ರಿಪೇರಿ ಮಾಡುವವರ ಫೋನೂ ಅದೇ ಕಂಪನಿಯದು. ಯಂತ್ರ ನೋಡಿಕೊಳ್ಳುವ ದಾರಿಯೂ ಕೆಟ್ಟ ಜಾಲದ ಮೇಲೇ ನಿಂತಿತ್ತು. ಮನೆ ಬೀಗದ ಕೈ ಮನೆಯೊಳಗೇ ಇಟ್ಟು ಬಾಗಿಲು ಎಳೆದುಕೊಂಡ ಹಾಗೆ. ಅದಕ್ಕೇ ನಾನು ಕಾಗದದಲ್ಲಿ ಬರೆಯೋದು. ನೆಟ್ ಹೋಯ್ತು ಅಂತ ಬರೆದುಕೊಳ್ಳಲು ನೆಟ್ಟೇ ಬೇಕಾದರೆ ಕೆಲಸ ಕೆಟ್ಟಿತು.

ಆಮೇಲೆ ಏನಾಯ್ತು?

ಹಾಳೆಗಳ ಜೆರಾಕ್ಸ್ ಹಿಡಿದು ಹೋದೆ. ಮೊದಲ ಸಲ "ನಮ್ಮ ಕಂಪ್ಯೂಟರಿನಲ್ಲಿ ಎಲ್ಲ ಹಸಿರು ತೋರಿಸ್ತಿದೆ" ಅಂದರು. ಎರಡನೇ ಸಲ ಸಾಹೇಬರಿರಲಿಲ್ಲ. ಮೂರನೇ ಸಲ ಒಬ್ಬ ಹುಡುಗ ಇಂಜಿನಿಯರು ಹಾಳೆಯನ್ನು ಮೇಜಿನ ಮೇಲೆ ಹರಡಿ, ಕರಿ ಚೌಕ ಎಣಿಸಿ, "ಯಜಮಾನ್ರೇ, ಇದು ಬ್ಯಾಟರಿ" ಅಂದ. ನಾನು ಹೇಳಬೇಕಾಗಲಿಲ್ಲ, ಹಾಳೆ ಹೇಳಿತು. ಎರಡು ತಿಂಗಳ ಮೇಲೆ ಬ್ಯಾಟರಿ ಬದಲಾಯ್ತು. 2025ರ ಅದೇ ಮೂರು ತಿಂಗಳಲ್ಲಿ ಕರಿ 26ರಿಂದ 9ಕ್ಕೆ ಇಳಿದಿದೆ. ಕೆಂಪು ಮಾತ್ರ ಕಡಿಮೆ ಆಗಿಲ್ಲ, ಜೆಸಿಬಿ ಇರುವವರೆಗೆ ಇದ್ದದ್ದೇ.

ನೀವೂ ಶುರು ಮಾಡುವುದಾದರೆ ಇಷ್ಟು ನೆನಪಿಡಿ. ಹೋದ ಹೊತ್ತು, ಬಂದ ಹೊತ್ತು ಆಗಲೇ ಬರೆಯಿರಿ, ಸಂಜೆಗೆ ನೆನಪಿರೋದಿಲ್ಲ. ಕರೆಂಟಿನ ವಿಷಯ ತಪ್ಪದೆ ಬರೆಯಿರಿ. ನೆಟ್ ಚೆನ್ನಾಗಿದ್ದ ದಿನದ ಸಾಲನ್ನೂ ಖಾಲಿ ಬಿಟ್ಟು ಇಟ್ಟುಕೊಳ್ಳಿ, ಅದೂ ಸಾಕ್ಷಿಯೇ. ಪಕ್ಕದ ಊರಿನಲ್ಲಿ ಇನ್ನೊಬ್ಬರು ಬರೆದರೆ ಇನ್ನೂ ಒಳ್ಳೆಯದು. ದೂರು ಕೊಟ್ಟಾಗ ದೂರಿನ ನಂಬರು ಕೇಳಿ ಬರೆದುಕೊಳ್ಳಿ. 2012ರ ಟ್ರಾಯ್ ನಿಯಮದಂತೆ ನಂಬರು ಕೊಡಲೇಬೇಕು. ಕೆಲಸ ಆಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಅಧಿಕಾರಿಗೆ ಹೋಗಬಹುದು.

ನನ್ನ ತಪ್ಪನ್ನೂ ಒಪ್ಪಿಕೊಳ್ತೀನಿ. ಹದ ಇರುವಾಗ ಬಿತ್ತದೆ ಕೊನೆಯ ಮಳೆಗೆ ಕಾದವನು ನಾನು. ಈಗ ವಿಮೆ ಅರ್ಜಿಯನ್ನು ಕೊನೆಗೆ ಹತ್ತು ದಿನ ಇರುವಾಗಲೇ, ಬೆಳಿಗ್ಗೆ ಎಂಟಕ್ಕೆ ಹೋಗಿ ಹಾಕಿಸ್ತೀನಿ. ಮೂರು ತಿಂಗಳ ಹಾಳೆಯಲ್ಲಿ ಆ ಹೊತ್ತಿನ ಚೌಕ ಬಣ್ಣವಾದದ್ದು ಎರಡೇ ಸಲ.